ಚಿಕ್ಕಮಾವ ಪಾಸು ಮಾಡಿದ ಕಲ್ಲುಹಾದಿ

ಆವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಇಡ್ಲಿಗಳು ಫೇಲಾದವು.

ಅದರಲ್ಲಿ ವಿಶೇಷವೇನೂ ಇಲ್ಲ ಬಿಡಿ. ಹಿಂದಿನ ದಿನ ಚಪಾತಿ ಫೇಲಾಗಿತ್ತು, ಅದಕ್ಕೂ ಮೊದಲು ಹೊಸದಾಗಿ ತಂದ ಸ್ಟೀಲಿನ ಕೊಡ. ನಮ್ಮ ಚಿಕ್ಕಮಾವ, ಅಂದರೆ ನನ್ನ ಗಂಡನ ಚಿಕ್ಕಪ್ಪ, ಈ ಭೂಮಿಯ ಮೇಲಿನ ಯಾವ ವಸ್ತುವನ್ನೂ ಮೊದಲ ಸಲಕ್ಕೇ ಪಾಸು ಮಾಡಿದವರಲ್ಲ. ಸಾಕ್ಷಾತ್ ದೇವರೇ ಎದುರಿಗೆ ಬಂದು ನಿಂತರೂ ಮೊದಲು ಕಿರೀಟದ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿ, "ತರಿತರಿ ಇದೆ, ಉಜ್ಜಿಸ್ಕೊಂಡು ಬಾ" ಎಂದು ವಾಪಸು ಕಳಿಸುವ ಪೈಕಿ!

ಉಳಿದಂತೆ ಅದು ಎಂದಿನ ಬೆಳಗೇ. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ನಾನು ಬೇಗನೆ ಎದ್ದು ಡ್ರಮ್ಮು, ಬಕೆಟ್ಟು, ಕೊಡ, ಕೊನೆಗೆ ಪ್ರೆಷರ್ ಕುಕ್ಕರನ್ನೂ ತುಂಬಿಸಿಟ್ಟಿದ್ದೆ. ನಮ್ಮವರು ಊಟದ ಡಬ್ಬಿಯನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಆಫೀಸಿಗೆ ಹೊರಟಿದ್ದರು. ಕಗ್ಗದಾಸಪುರದ ನಮ್ಮ ಬೀದಿಗೆ ಆಗಿನ್ನೂ ಡಾಂಬರು ಬಂದಿರಲಿಲ್ಲ. ಸ್ಕೂಟರು ಗುಂಡಿಗೆ ಇಳಿದು ಹತ್ತುವ ಸದ್ದು ತಿರುವಿನವರೆಗೂ ಕೇಳುತ್ತಿತ್ತು. ವರಾಂಡದಲ್ಲಿ ಚಿಕ್ಕಮಾವ ತಲೆಗೆ ಮಂಕಿ ಕ್ಯಾಪು, ಎರಡೂ ಕಾಲಿಗೆ ಉಣ್ಣೆಯ ಕಾಲುಚೀಲ ಏರಿಸಿಕೊಂಡು, ಕಣ್ಣು ಮುಚ್ಚಿ, ಒಂದು ಇಡ್ಲಿಯ ಬೆನ್ನನ್ನು ಬೆರಳಿನಿಂದ ತಡವುತ್ತಿದ್ದರು.

"ಏನಮ್ಮಾ ಕಾನ್ವೆಂಟು, ರವೆ ಒಂದೇ ಸಮ ಇಲ್ಲವಲ್ಲ? ಈ ಕಡೆ ದಪ್ಪ, ಆ ಕಡೆ ಸಣ್ಣ."

"ಬಾಯಿಗೆ ಹಾಕ್ಕೊಂಡು ನೋಡಿ ಚಿಕ್ಕಮಾವ."

"ಬಾಯಿ ಏನು ಹೇಳುತ್ತೆ? ಬಾಯಿ ಲಂಚ ತಿನ್ನೋ ಆಫೀಸರು. ಬೆರಳು ಸುಳ್ಳು ಹೇಳಲ್ಲ."

ಹಾಗೆಂದವರೇ ಫೇಲಾದ ಇಡ್ಲಿಗಳನ್ನು ಚಟ್ನಿಯ ಸಮೇತ ಒಂದೂ ಬಿಡದೆ ತಿಂದು ಮುಗಿಸಿದರು. ರಿಜೆಕ್ಟಾದ ಮಾಲು ಗೇಟಿನಿಂದ ಹೊರಗೆ ಹೋಗಬಾರದಂತೆ, ಅದು ರೂಲ್ಸು!

ಕಾನ್ವೆಂಟು ಅಂದರೆ ನಾನು. ದಂಡು ಪ್ರದೇಶದ ಸಿಸ್ಟರುಗಳ ಸ್ಕೂಲಿನಲ್ಲಿ ಓದಿದವಳು ಎಂದು ತಿಳಿದ ದಿನದಿಂದ ಅವರ ಬಾಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ. ಮದುವೆಯಾಗಿ ಮನೆತುಂಬಿಸಿಕೊಂಡ ಸಂಜೆ ನಾನು ಬಗ್ಗಿ ನಮಸ್ಕಾರ ಮಾಡಿದರೆ ಅವರ ಗಮನ ಆಶೀರ್ವಾದದ ಕಡೆಗಿರಲಿಲ್ಲ. ನನ್ನ ತವರಿನವರು ಕೊಟ್ಟ ಬೆಳ್ಳಿಯ ದೀಪದ ಬುಡವನ್ನು ಸವರುತ್ತಾ, "ಇದನ್ನ ಯಾರು ಪಾಸ್ ಮಾಡಿದ್ರು?" ಎಂದು ಕೇಳಿದರು. ನಮ್ಮಮ್ಮ ಹೆದರಿ, ಬೆಳ್ಳಿ ಅಸಲಿಯೇ ಎಂದು ಆಣೆ ಇಡಲು ಹೊರಟಿದ್ದಳು!

ಪಾಪ, ಅವರದೇನೂ ತಪ್ಪಿಲ್ಲ. ಜೀವಮಾನವನ್ನೆಲ್ಲ ವಿಮಾನಪುರದ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಕಳೆದವರು. ವಿಮಾನದ ಬಿಡಿಭಾಗಗಳು ತಯಾರಾಗಿ ಅವರ ಮೇಜಿಗೆ ಬರಬೇಕು. ಅಳತೆ ಹಿಡಿಯುವ ಯಂತ್ರಗಳೆಲ್ಲ ಸರಿ ಎಂದ ಮೇಲೂ ಚಿಕ್ಕಮಾವ ಒಮ್ಮೆ ಕಣ್ಣು ಮುಚ್ಚಿ ಬೆರಳಾಡಿಸಬೇಕು. ಕೂದಲೆಳೆಯಷ್ಟು ಗೀರು ಸಿಕ್ಕಿದರೂ ಸಾಕು, ಜೇಬಿನಿಂದ ಕೆಂಪು ಚಾಕ್‌ಪೀಸು ತೆಗೆದು ಒಂದು ಗೀಟು. ಮೇಲೆ ಹೋದದ್ದು ಕೆಳಗೆ ಬೀಳಬಾರದಲ್ಲ! ಅವರು ರಿಟೈರಾದರು, ಚಾಕ್‌ಪೀಸು ರಿಟೈರಾಗಲಿಲ್ಲ. ಕಿರುಗುಟ್ಟುವ ಬಾಗಿಲ ಮೇಲೆ, ಸೀದ ಬಾಣಲೆಯ ಬೆನ್ನಿಗೆ, ಪಕ್ಕದ ಮನೆಯ ಮುನಿಯಮ್ಮನವರ ಸೊಟ್ಟ ಕಾಂಪೌಂಡಿನ ಮೇಲೆ, ಎಲ್ಲೆಲ್ಲೂ ಕೆಂಪು ಗೀಟು. ನಾನು ಒದ್ದೆ ಬಟ್ಟೆ ಹಿಡಿದು ಒರೆಸುತ್ತಾ ಹಿಂದೆ ಹಿಂದೆ.

ಅವರಿಗೆ ಮದುವೆ ಯಾಕಾಗಲಿಲ್ಲ ಎಂಬುದಕ್ಕೂ ಒಂದು ಕತೆಯುಂಟು. ಹೆಣ್ಣು ನೋಡಲು ಹೋದಲ್ಲಿ ಹುಡುಗಿ ಕಾಫಿ ತಂದು ಕೊಟ್ಟಳಂತೆ. ಇವರು ಹುಡುಗಿಯ ಮುಖ ನೋಡಬೇಕೋ ಬೇಡವೋ? ಲೋಟದ ಕಂಠವನ್ನು ಸವರಿ, ಸೀಳಿದೆ ಎಂದು ಚಾಕ್‌ಪೀಸು ತೆಗೆದು ಗೀಟೆಳೆದೇಬಿಟ್ಟರು. ಹುಡುಗಿ ಒಳಗೆ ಹೋಗಿ ಅವಳಪ್ಪನಿಗೆ, "ಅಪ್ಪಾ, ಅದೇ ಚಾಕ್‌ಪೀಸ್ ಇಸ್ಕೊಂಡು ಇವರಿಗೂ ಒಂದು ಗೀಟು ಹಾಕಿ ಕಳ್ಸಿ" ಎಂದಳಂತೆ. ಚಿಕ್ಕಮಾವ ಈ ಕತೆಯನ್ನು ತಾವೇ ಹೇಳಿ, ಕೊನೆಗೆ ತಲೆ ತೂಗಿ, "ಆ ಹುಡುಗಿ ಇನ್ಸ್‌ಪೆಕ್ಷನ್‌ಗೆ ಬರಬೇಕಿತ್ತು ಕಣಮ್ಮಾ" ಎನ್ನುತ್ತಿದ್ದರು.

ಆದರೆ ಈ ಮನೆತನದಲ್ಲಿ ನಗದೆ ಹೇಳಬೇಕಾದ ಮಾತೂ ಒಂದಿದೆ. ಇಲ್ಲಿ ಸಕ್ಕರೆ ಕಾಯಿಲೆ ಬಂದರೆ ಅದು ಮನುಷ್ಯನನ್ನು ಕಾಲಿನ ಕಡೆಯಿಂದ ತಿನ್ನಲು ಶುರುಮಾಡುತ್ತದೆ.

ನನ್ನ ಮಾವನವರಿಗೆ, ಎಂದರೆ ಚಿಕ್ಕಮಾವನ ಅಣ್ಣನಿಗೆ, ಹೊಸ ಚಪ್ಪಲಿ ಕಚ್ಚಿತ್ತು. ಕಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅಷ್ಟೇ. ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ. ಆಸ್ಪತ್ರೆಯಿಂದ ಬಂದ ಮೇಲೂ ಅವರು ಮಂಚದ ಮೇಲೆ ಕುಳಿತು ಇಲ್ಲದ ಪಾದವನ್ನು ಕೆರೆದುಕೊಳ್ಳಲು ಕೈ ಚಾಚುತ್ತಿದ್ದರು. ಚಾದರ ಅಲ್ಲಿ ಚಪ್ಪಟೆಯಾಗಿ ಬಿದ್ದಿರುತ್ತಿತ್ತು. ಕೃತಕ ಕಾಲು ಬಂದ ದಿನ ಚಿಕ್ಕಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆಲ್ಲ ಬೆರಳಾಡಿಸಿ, "ಇಲ್ಲಿ ಅಣ್ಣಂಗೆ ಒತ್ತುತ್ತೆ" ಎಂದರು. ಉಪ್ಪುಕಾಗದ ತಂದು ಉಜ್ಜಲು ಕುಳಿತರು. ದಿನವೂ ಉಜ್ಜುವುದು, ದಿನವೂ ಸವರುವುದು, "ಇನ್ನೂ ಇಲ್ಲ" ಎನ್ನುವುದು. ಕೊನೆಗೆ ಅವರ ಬೆರಳು ಅದನ್ನು ಒಪ್ಪುವ ಹೊತ್ತಿಗೆ ಹಾಕಿಕೊಳ್ಳಲು ಅಣ್ಣ ಇರಲಿಲ್ಲ.

ಹಾಗಾಗಿ ಚಿಕ್ಕಮಾವನಿಗೂ ಸಕ್ಕರೆ ಇದೆಯೆಂದು ಗೊತ್ತಾದಾಗ ನಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಮೊದಲು ಹೋದದ್ದು ಅವರ ಪಾದದ ಕಡೆಗೆ. ಈ ಎರಡು ಕಾಲು ಉಳಿಯಬೇಕು, ನಮಗೆ ಬೇರೇನೂ ಬೇಕಿರಲಿಲ್ಲ. ನಮ್ಮವರು ಆಗಾಗ ಕೇಳುತ್ತಿದ್ದರು:

"ಚಿಕ್ಕಪ್ಪಾ, ಕಾಲು ನೋಡ್ಕೊಂಡ್ರಾ?"

"ದಿನಾ ನೋಡ್ಕೋತೀನಿ ಕಣೋ. ವಿಮಾನ ನೋಡಿದೋನಿಗೆ ಕಾಲು ನೋಡ್ಕೊಳೋದು ಕಷ್ಟವಾ?"

"ನಮಗೂ ಒಂದ್ಸಲ ತೋರಿಸಿ."

"ಯಾಕೆ, ನೀನೇನು ನನಗಿಂತ ಸೀನಿಯರಾ?"

ತೋರಿಸುತ್ತಿರಲಿಲ್ಲ. ಕಾಲುಚೀಲ ಬಂದದ್ದೂ ಆ ದಿನಗಳಲ್ಲೇ. ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲೂ ಉಣ್ಣೆಯ ಕಾಲುಚೀಲ! ಕೇಳಿದರೆ, "ಚಳಿ." ಪಕ್ಕದ ಮುನಿಯಮ್ಮನವರು ಕಾಂಪೌಂಡಿನ ಮೇಲಿನಿಂದ ಇಣುಕಿ, "ಯಾಕಮ್ಮಣ್ಣಿ, ನಿಮ್ಮಾವ ಮಿಲಿಟ್ರಿಗೆ ಸೇರ್ಕಂಡವ್ರಾ? ಕಾಶ್ಮೀರಕ್ಕಾ ಪೋಸ್ಟಿಂಗು?" ಎಂದು ಕೇಳಿ ಹೋಗುತ್ತಿದ್ದರು. ನಾವೂ ನಕ್ಕು ಸುಮ್ಮನಾಗುತ್ತಿದ್ದೆವು. ಅವರ ನೂರು ತಿಕ್ಕಲುಗಳಲ್ಲಿ ಇದೂ ಒಂದು ಅಂದುಕೊಂಡರಾಯಿತು!

ಅಂತೂ ಒಂದು ದಿನ ಹಿಡಿದೆಳೆದುಕೊಂಡು ಹೋಗಿ ಹಲಸೂರಿನ ಡಾಕ್ಟರ ಮುಂದೆ ಕೂರಿಸಿದೆವು. ನನ್ನ ಮಾವನವರನ್ನು ನೋಡಿದ್ದೂ ಅವರೇ. ನೈಲಾನು ದಾರದಂಥ ಒಂದು ಎಳೆ ಹಿಡಿದು, "ಎದುರಿನ ಗೋಡೆ ಮೇಲೆ ದೇವರ ಫೋಟೋ ಇದೆಯಲ್ಲ, ಅದನ್ನೇ ನೋಡ್ತಿರಿ. ಪಾದಕ್ಕೆ ಮುಟ್ಟಿದಾಗ ಹ್ಞೂಂ ಅನ್ನಿ" ಎಂದರು. ದೇವರ ಮನೆಯ ಹೊಸಿಲನ್ನೂ ಸವರಿ ಫೇಲು ಮಾಡಿದ್ದ ಮನುಷ್ಯ ಅಂದು ಆ ಫೋಟೋವನ್ನು ಎವೆಯಿಕ್ಕದೆ ನೋಡಿದ್ದೇ ನೋಡಿದ್ದು. ಅಷ್ಟು ಭಕ್ತಿ ಯಾವಾಗ ಬಂತೋ ಎಂದು ನನಗೇ ಆಶ್ಚರ್ಯ. ಡಾಕ್ಟರು ಮುಟ್ಟಿದಾಗೆಲ್ಲ "ಹ್ಞೂಂ." ಒಂದೂ ತಪ್ಪಲಿಲ್ಲ.

"ಪರವಾಗಿಲ್ಲ, ಅಣ್ಣನವರ ಥರ ಅಲ್ಲ, ನರ ಚೆನ್ನಾಗಿದೆ" ಎಂದರು ಡಾಕ್ಟರು. "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ. ನಡೀರಿ. ಮನಸ್ಸಿಗೆ ಸ್ವಲ್ಪ ಹಾಯಾಗಿರಲಿ."

ಆ ಸಂತೋಷಕ್ಕೆ ನಮ್ಮವರು ಹೋಟೆಲಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಸಕ್ಕರೆ ಇಲ್ಲದ ಕಾಫಿ ಕೊಡಿಸಿದರು. ಸಂತೋಷವನ್ನು ಅಷ್ಟು ಕಹಿಯಾಗಿ ಕುಡಿದ ಕುಟುಂಬ ಇನ್ನೊಂದಿರಲಾರದು!

ಮನಸ್ಸಿಗೆ ಹಾಯಾಗುವ ಜಾಗವನ್ನು ಹುಡುಕಿ ಕೊಟ್ಟವರು ಮುನಿಯಮ್ಮನವರೇ. ಒಂದು ಕಾಲದಲ್ಲಿ ಇಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಅದೇ ಹೊಲದ ಮೇಲೆ ಬಾಡಿಗೆ ಮನೆಗಳು. ಇಂದಿರಾನಗರದ ಆಚೆ ಹೊಸ ಪಾರ್ಕೊಂದು ಆಗಿದೆಯೆಂದೂ, ಮಗ ತಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದನೆಂದೂ ವರದಿ ಕೊಟ್ಟರು.

"ಅಲ್ಲೊಂದು ಕಲ್ಲಿನ ದಾರಿ ಮಾಡವ್ರೆ ಕಣಮ್ಮಣ್ಣಿ. ಬರಿಗಾಲಾಗೆ ಅದ್ರ ಮ್ಯಾಲೆ ನಡುದ್ರೆ ಸಕ್ರೆ ಕಾಯ್ಲೆ ಇಳ್ದೋಯ್ತದಂತೆ. ಎಲ್ರೂ ಅದಕ್ಕೇ ಬತ್ತವ್ರೆ."

"ನೀವೂ ನಡೆದ್ರಾ?"

"ನಂಗ್ಯಾಕವ್ವಾ? ಜಲ್ಮೆಲ್ಲಾ ಈ ಹೊಲ್ದಾಗೆ ಕಲ್ಲು ಮುಳ್ಳು ತುಳ್ದೇ ಸವ್ದಿದೀನಿ. ಆಗ ಯಾರೂ ಇದುನ್ನ ಪಾರ್ಕು ಅನ್ನಲಿಲ್ಲ!"

ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಬೆಣಚುಕಲ್ಲು ತುಳಿದರೆ ಒಳ್ಳೆಯದು ಎಂಬ ಮಾತನ್ನು ಆಗ ಯಾರೂ ಎರಡನೇ ಸಲ ಯೋಚಿಸುತ್ತಿರಲಿಲ್ಲ. ಬಸ್ಸಿನಲ್ಲಿ ಹೇಳುತ್ತಿದ್ದರು, ಮದುವೆ ಮನೆಯಲ್ಲಿ ಹೇಳುತ್ತಿದ್ದರು. ನರ ಎಚ್ಚರವಾಗುತ್ತದೆ, ರಕ್ತ ಓಡಾಡುತ್ತದೆ. ಚಿಕ್ಕಮಾವನ ನರ ಹೇಗೂ ಚೆನ್ನಾಗಿದೆ ಎಂದು ಡಾಕ್ಟರೇ ಹೇಳಿದ್ದರಲ್ಲ? ಸರಿ, ಆ ಇಡ್ಲಿಗಳು ಫೇಲಾದ ಬೆಳಿಗ್ಗೆ ಅವರಿಗೆ ಕ್ಯಾನ್ವಾಸ್ ಶೂ ಹಾಕಿಸಿ ಬಸ್ಸು ಹತ್ತಿಸಿದೆ. ಇಂದಿರಾನಗರದಲ್ಲಿ ಇಳಿಯುವವರೆಗೂ ಅವರು ಮುಂದಿನ ಸೀಟಿನ ಕಂಬಿಯನ್ನು ಸವರುತ್ತಾ, ಬೆಸುಗೆ ಹಾಕಿದವನ ಬಗ್ಗೆ ಕನಿಕರ ವ್ಯಕ್ತಪಡಿಸುತ್ತಿದ್ದರು.

ಪಾರ್ಕಿನ ಬಾಗಿಲಲ್ಲೇ ಬೋರ್ಡು: ನಿಧಾನವಾಗಿ ಉಸಿರಾಡಿ.

"ಜೋರಾಗಿ ಉಸಿರಾಡಿದ್ರೆ ಫೈನ್ ಹಾಕ್ತಾರೇನಮ್ಮಾ?"

ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ, ಒಂದೊಂದಕ್ಕೂ ಅಲ್ಲಿ ಒಂದೊಂದು ಮೂಲೆ. ಜನ ಮದುವೆಯ ಊಟ ಮಾಡಿ ಎದ್ದವರ ಹಾಗೆ ಮೆಲ್ಲಗೆ ಓಡಾಡುತ್ತಿದ್ದರು. ನೂಲಿನ ಸೀರೆ ಉಟ್ಟ, ಬೆಳ್ಳಗಾದ ಕೂದಲನ್ನು ಹಾಗೇ ಬಿಟ್ಟುಕೊಂಡ ಒಬ್ಬ ಮೇಡಂ ಬಂದವರಿಗೆಲ್ಲ ದಾರಿ ತೋರಿಸುತ್ತಿದ್ದರು. ಅವರ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೆ ನಮ್ಮ ಸಿಸ್ಟರುಗಳ ನೆನಪಾಯಿತು. ಒಂದೇ ವ್ಯತ್ಯಾಸ, ಸಿಸ್ಟರುಗಳ ಮೆತ್ತಗಿನ ದನಿಯ ಹಿಂದೆ ಸ್ಕೇಲು ಇರುತ್ತಿತ್ತು.

"ಸರ್, ಹಿಂದಿನದು ಬಿಡಿ, ಮುಂದಿನದು ಬಿಡಿ. ಈ ಕ್ಷಣದಲ್ಲಿ ಇರಿ" ಎಂದರು ಮೇಡಂ.

"ಇನ್ನೆಲ್ಲಿಗೆ ಹೋಗ್ಲಿ ತಾಯಿ? ನಮ್ಮ ಬಸ್ಸು ಇರೋದೇ ಮಧ್ಯಾಹ್ನಕ್ಕೆ!"

ಕಿವಿಯ ಮೂಲೆಯಲ್ಲಿ ಮರದ ಕೊಂಬೆಗೆ ಸಣ್ಣ ಸಣ್ಣ ಲೋಹದ ಕೊಳವೆಗಳನ್ನು ಕಟ್ಟಿದ್ದರು. ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ, ಯಾರೋ ದೂರದ ಅಡುಗೆಮನೆಯಲ್ಲಿ ಚಮಚ ಇಟ್ಟ ಹಾಗೆ ಸದ್ದು. ಬೆಂಚಿನ ಮೇಲೆ ಜನ ಕಣ್ಣುಮುಚ್ಚಿ ಕೂತಿದ್ದರು. ಕಾರ್ಖಾನೆಯ ಗದ್ದಲಕ್ಕೆ ಚಿಕ್ಕಮಾವನ ಕಿವಿ ಅರ್ಧ ಹೋಗಿತ್ತು. ಸ್ವಲ್ಪ ಹೊತ್ತು ಕೊಳವೆಗಳನ್ನೇ ನೋಡಿ, "ಇದು ಕೆಟ್ಟು ನಿಂತಿದೆ. ಯಾರಿಗಾದ್ರೂ ಹೇಳಿ!" ಎಂದು ಕಿರುಚಿದರು. ಎಲ್ಲರೂ ಕಣ್ಣು ಬಿಟ್ಟರು. ಅಷ್ಟರಲ್ಲಿ ನಿಲ್ದಾಣದ ಕಡೆಗೆ ಇಳಿಯುತ್ತಿದ್ದ ವಿಮಾನವೊಂದು ತಲೆಯ ಮೇಲೆಯೇ ಬಂತು. ಬೆಂಚು ನಡುಗಿತು, ಧ್ಯಾನಸ್ಥರೆಲ್ಲ ಕಿವಿ ಮುಚ್ಚಿಕೊಂಡರು. ಚಿಕ್ಕಮಾವ ಮಾತ್ರ ಮುಖ ಎತ್ತಿ, ಕಣ್ಣು ಅರೆಮುಚ್ಚಿ, "ಆಹಾ! ಈಗ ನೋಡು, ಮನಸ್ಸಿಗೆ ಹಾಯೆನಿಸ್ತು" ಎಂದರು.

ಚರ್ಮದ ಮೂಲೆಯಲ್ಲಿ ಒಂದು ಉದ್ದನೆಯ ಗೋಡೆ. ಅದರ ಮೇಲೆ ಒರಟು ಕಲ್ಲು, ನುಣುಪು ಕಲ್ಲು, ತೆಂಗಿನ ನಾರು, ಮರದ ತೊಗಟೆ, ಗಾಜು ಹೀಗೆ ಏನೇನೋ ಅಂಟಿಸಿದ್ದರು. ಕಣ್ಣು ಮುಚ್ಚಿ ಮುಟ್ಟಬೇಕು, ಅಷ್ಟೆ. ಅಲ್ಲಿ ನೋಡಬೇಕಿತ್ತು ನಮ್ಮ ಚಿಕ್ಕಮಾವನನ್ನು! ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಮಂಕಿ ಕ್ಯಾಪು ಹಿಂದಕ್ಕೆ ತಳ್ಳಿ, ಎರಡೂ ಅಂಗೈಗಳನ್ನು ಗೋಡೆಗೆ ಹಚ್ಚಿ ಒಂದು ತುದಿಯಿಂದ ಹೊರಟರು. "ಸಾದಹಳ್ಳಿ ಕಲ್ಲು. ಕಡಪ. ಬೀಟೆ ಮರ, ಪಾಲಿಷ್ ಒಂದೇ ಕೈ. ಗಾಜು." ಒಂದೂ ತಪ್ಪಲಿಲ್ಲ. ಕೊನೆಯ ಹೆಂಚಿನ ಮೇಲೆ ಬೆರಳು ನಿಂತುಬಿಟ್ಟಿತು.

"ಇದು ಬಿರುಕು ಬಿಟ್ಟಿದೆ. ರಿಜೆಕ್ಟ್."

"ಇಲ್ಲ ಸರ್, ಅದು ಬೇಕೂಂತಲೇ ಮಾಡಿರೋದು. ಅದೇ ಡಿಸೈನ್."

"ಹಾಗಾದ್ರೆ ಡಿಸೈನೇ ರಿಜೆಕ್ಟ್!"

ಮೇಡಂ ಕೂಡ ನಕ್ಕುಬಿಟ್ಟರು. ನನಗೂ ಅಂದು ಅವರನ್ನು ಕರೆತಂದದ್ದು ಸಾರ್ಥಕವೆನಿಸಿತು. ರಿಟೈರಾದ ಮೇಲೆ ಆ ಬೆರಳುಗಳಿಗೆ ಅಷ್ಟು ಕೆಲಸ ಸಿಕ್ಕಿರಲೇ ಇಲ್ಲ.

ಕಲ್ಲುಹಾದಿ ಇದ್ದದ್ದು ಅದರ ಪಕ್ಕದಲ್ಲೇ. ಮೊಟ್ಟೆಯಾಕಾರದ ಬೆಣಚುಗಳನ್ನು ಸಿಮೆಂಟಿನಲ್ಲಿ ನೆಟ್ಟಗೆ ನಿಲ್ಲಿಸಿ ದುಂಡಗೆ ಒಂದು ಸುತ್ತಿನ ದಾರಿ ಮಾಡಿದ್ದರು. ಅದರ ಮೇಲೆ ನಡೆಯುತ್ತಿದ್ದವರಿಂದ "ಅಯ್ಯಮ್ಮಾ," "ಅಪ್ಪಪ್ಪಾ," "ಯಾ ಅಲ್ಲಾ" ಎಂದು ಎಲ್ಲ ಭಾಷೆಯಲ್ಲೂ ನರಳಾಟ. ಹೆರಿಗೆ ವಾರ್ಡಿನ ಹೊರಗೆ ನಿಂತ ಹಾಗಿತ್ತು! ನಾನೂ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟೆ. ಹಿಮ್ಮಡಿಗೆ ಕಲ್ಲು ಒತ್ತಿದ ಕೂಡಲೇ, ಹುಟ್ಟಿದಂದಿನಿಂದ ಮಾಡಿದ ಪಾಪಗಳೆಲ್ಲ ಸಾಲಾಗಿ ನೆನಪಾಗಿ ಹುಲ್ಲಿನ ಮೇಲೆ ಹಾರಿಕೊಂಡೆ.

ಚಿಕ್ಕಮಾವ ಶೂ ಬಿಚ್ಚಿದರು. "ಚೀಲ ಇರಲಿ" ಎಂದರು.

"ಬರಿಗಾಲೇ ಆಗಬೇಕು ಸರ್, ಆಗಲೇ ನರಗಳು ಏಳೋದು" ಎಂದರು ಮೇಡಂ.

ಅವರು ನಮಗೆ ಬೆನ್ನು ತಿರುಗಿಸಿ ಕುಳಿತು ಕಾಲುಚೀಲ ತೆಗೆದರು. ತೆಗೆದ ಕೂಡಲೇ ಪಾದಗಳನ್ನು ಕಲ್ಲಿನ ಮೇಲಿಟ್ಟು ಎದ್ದು ನಿಂತರು. ಆಮೇಲೆ ನಡೆದರು.

ಹೇಗೆ ನಡೆದರು ಅಂತೀರಿ! ಮನೆಯ ಹಜಾರದಲ್ಲಿ ನಡೆದ ಹಾಗೆ. ಅಯ್ಯೋ ಇಲ್ಲ, ಅಪ್ಪಾ ಇಲ್ಲ, ಹುಬ್ಬು ಕೂಡ ಗಂಟಿಕ್ಕಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ನರಳುವವರನ್ನೆಲ್ಲ ಒಬ್ಬೊಬ್ಬರಾಗಿ ದಾಟಿಕೊಂಡು ಒಂದು ಸುತ್ತು, ಇನ್ನೊಂದು ಸುತ್ತು. ಬೆಂಚಿಗೆ ಜೋತುಬಿದ್ದಿದ್ದ ಶಿವಾಜಿನಗರದ ಸಾಬರೊಬ್ಬರು, "ಕ್ಯಾ ಬಾತ್ ಹೈ ಚಾಚಾ! ಲೋಹೇಕೆ ಪಾಂವ್!" ಎಂದು ಆ ಕಬ್ಬಿಣದ ಕಾಲುಗಳಿಗೆ ಚಪ್ಪಾಳೆ ತಟ್ಟಿದರು. ನಡೆಯುತ್ತಿದ್ದವರು ದಾರಿ ಬಿಟ್ಟು ನಿಂತರು. ಮೇಡಂ ಎಲ್ಲರನ್ನೂ ಹತ್ತಿರ ಕರೆದು ಪಿಸುಮಾತಿನಲ್ಲಿ ಹೇಳಿದರು: "ನೋಡಿ. ನೋವು ಇದೆ, ಆದರೆ ಅವರು ನೋವಿನ ಜೊತೆ ಜಗಳ ಆಡ್ತಿಲ್ಲ. ಸುಮ್ಮನೆ ಅದನ್ನ ಗಮನಿಸ್ತಿದ್ದಾರೆ. ಇದಕ್ಕೇ ನಾವು ಈ ಪಾರ್ಕ್ ಮಾಡಿದ್ದು." ಒಬ್ಬ ಹೆಂಗಸು ಕೈಮುಗಿದಳು. ನಮ್ಮ ಚಿಕ್ಕಮಾವ ಯೋಗಿಯಾಗಿಬಿಟ್ಟರು! ಬೆಳಿಗ್ಗೆ ಇಡ್ಲಿಯ ಜೊತೆ ಜಗಳ ಆಡಿದವರು!

ನಾನು ಹೆಮ್ಮೆಯಿಂದ ದಾರಿಯ ಅಂಚಿಗೆ ಹೋಗಿ, "ಹೇಗಿದೆ ಚಿಕ್ಕಮಾವ?" ಎಂದು ಕೇಳಿದೆ.

"ಫಸ್ಟ್ ಕ್ಲಾಸ್. ಒಳ್ಳೇ ಫಿನಿಶಿಂಗು. ಎಲ್ಲೂ ಒಂದಿಷ್ಟೂ ತರಿ ಇಲ್ಲ" ಎಂದು ಮುಂದೆ ನಡೆಯುತ್ತಲೇ ಕೈ ಎತ್ತಿದರು. "ಪಾಸ್!"

ಪಾಸ್! ಬೆಳ್ಳಿ ದೀಪ ಫೇಲು, ದೇವರ ಮನೆಯ ಹೊಸಿಲು ಫೇಲು, ಈ ಮುಳ್ಳಿನಂಥ ಕಲ್ಲುಗಳು ಪಾಸು! ನನಗೆ ನಗು ಬಂತು. ನಗುತ್ತಲೇ ದಾರಿಯ ಕಡೆ ನೋಡಿದೆ. ಅಲ್ಲಲ್ಲಿ ಕಲ್ಲುಗಳ ನೆತ್ತಿಯ ಮೇಲೆ ಕೆಂಪು ಗೀಟುಗಳು.

ಬಂತಲ್ಲ ಚಾಕ್‌ಪೀಸು! ಬಾಯಲ್ಲಿ ಪಾಸು ಅನ್ನುತ್ತಾ, ಯಾರಿಗೂ ಕಾಣದ ಹಾಗೆ ಬಗ್ಗಿ ಬಗ್ಗಿ ಗೀಟೆಳೆದಿದ್ದಾರೆ! ಈ ಮೆತ್ತಗಿನ ಮೇಡಂ ನೋಡಿದರೆ ಏನು ಗತಿ? ಸೆರಗಿಗೆ ಸಿಕ್ಕಿಸಿದ್ದ ಕರ್ಚೀಫು ತೆಗೆದು, ಯಾರೂ ನೋಡುವ ಮೊದಲು ಒರೆಸಿಬಿಡೋಣವೆಂದು ಬಗ್ಗಿದೆ. ಎಷ್ಟೋ ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿಯೇ ಹೋಯಿತು. ಒರೆಸಿದೆ. ಚಾಕ್‌ಪೀಸು ಪುಡಿಪುಡಿಯಾಗಿ ಬರುತ್ತದೆ. ಇದನ್ನು ಬಟ್ಟೆ ಹೀರಿಕೊಂಡಿತು. ಒದ್ದೆಯಾಗಿತ್ತು, ಬೆಚ್ಚಗಿತ್ತು.

"ಚಿಕ್ಕಮಾವ, ನಿಂತ್ಕೊಳಿ."

"ಇರಮ್ಮಾ, ಇನ್ನೊಂದು ಸುತ್ತು..."

"ನಿಂತ್ಕೊಳಿ ಅಂದೆ!"

ಅವರ ಎದುರಿಗೆ ನಾನು ದನಿ ಎತ್ತಿದ್ದು ಅದೇ ಮೊದಲು. ಬೆಂಚಿನ ಮೇಲೆ ಕೂರಿಸಿ ಎಡಗಾಲನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡೆ. ಹೆಬ್ಬೆರಳಿನ ಬುಡದಲ್ಲಿ ಮಾಂಸ ಹರಿದು ನೇತಾಡುತ್ತಿತ್ತು. ಅದರ ನಡುವೆ ಒಂದು ಗುಂಡಗಿನ ಹಿತ್ತಾಳೆಯ ಬೊಟ್ಟು. ಸುತ್ತ ಊದಿ, ಕಪ್ಪಾಗಿ, ಬೊಟ್ಟಿನ ಅಂಚನ್ನು ಚರ್ಮವೇ ಮುಚ್ಚಿಕೊಂಡು ಬರುತ್ತಿತ್ತು. ಇದು ಇವತ್ತಿನದಲ್ಲ, ನಿನ್ನೆಯದೂ ಅಲ್ಲ. ಒಂದು ವಾಸನೆ ಬಂತು. ಆ ವಾಸನೆ ನನಗೆ ಗೊತ್ತಿತ್ತು; ಮಾವನವರ ಕೋಣೆಯಲ್ಲಿ ಫಿನಾಯಿಲು ಹಾಕಿ ಹಾಕಿ ಒರೆಸಿದ್ದೆ.

ಚಿಕ್ಕಮಾವ ಬಗ್ಗಿ ತಮ್ಮ ತೋರುಬೆರಳನ್ನು ಅಲ್ಲಿ ಆಡಿಸಿದರು. ಬೆರಳಿಗೆ ತಕ್ಷಣ ತಿಳಿಯಿತು.

"ಡ್ರಾಯಿಂಗ್ ಪಿನ್ನು" ಎಂದರು, ಗೋಡೆಯ ಮೇಲಿನ ಕಲ್ಲಿನ ಹೆಸರು ಹೇಳಿದಷ್ಟೇ ಸಲೀಸಾಗಿ. "ಕ್ಯಾಲೆಂಡರಿಗೆ ಹಾಕಿದ್ದು. ಯಾವಾಗ ಬಿತ್ತೋ."

"ನೋವಾಗ್ಲಿಲ್ವಾ ಚಿಕ್ಕಮಾವ?"

ಅವರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ಮೇಡಂ ನೀರು ತಂದರು, ಹತ್ತಿ ತಂದರು. ಕೈಮುಗಿದಿದ್ದ ಹೆಂಗಸು ಮುಖ ತಿರುಗಿಸಿಕೊಂಡಳು.

ಆಟೋದಲ್ಲಿ ಹಲಸೂರಿನ ಕಡೆ ಹೋಗುವಾಗ ಅವರಾಗಿಯೇ ಹೇಳಿದರು.

"ಡಾಕ್ಟರ ರೂಮಿನ ಫೋಟೋಗೆ ಗಾಜು ಹಾಕಿದೆ ನೋಡು. ಅದರಲ್ಲಿ ಅವರ ಕೈ ಕಾಣಿಸ್ತಿತ್ತು. ಕೈ ಕೆಳಗೆ ಬಂದಾಗೆಲ್ಲ ಹ್ಞೂಂ ಅಂದೆ."

ನಾನು ಜಾರುತ್ತಿದ್ದ ಹತ್ತಿಯನ್ನು ಸರಿಮಾಡಿದೆ.

"ಜನ್ಮದಲ್ಲಿ ಇನ್ಸ್‌ಪೆಕ್ಷನ್ನಲ್ಲಿ ಮೋಸ ಮಾಡಿದೋನಲ್ಲಮ್ಮಾ ನಾನು. ಅಣ್ಣಂದು ಕಣ್ಣಾರೆ ನೋಡಿದ್ದೀನಲ್ಲ. ಅಲ್ಲಿ ಒಂದು ಗೀಟು ಬಿದ್ರೆ ಆಮೇಲೆ ಕತ್ತರಿಸ್ಕೊಂಡೇ ಹೋಗ್ತಾರೆ." ಆಟೋದ ಕಂಬಿಯನ್ನು ಸವರುತ್ತಾ ಹೇಳಿದರು: "ಚಪ್ಪಲಿ ಕಾಲಿಂದ ಜಾರಿ ಬಿದ್ದೋದ್ರೂ ಗೊತ್ತಾಗ್ತಿರಲಿಲ್ಲ. ಹಿಂದೆ ಬರೋರು ಕರೆದು ಹೇಳೋರು. ಚೀಲ ಆದ್ರೆ ಬೀಳಲ್ಲ."

ಡಾಕ್ಟರು ಪಿನ್ನು ಕೀಳುವಾಗ ಮರಗಟ್ಟಿಸುವ ಇಂಜೆಕ್ಷನ್ನು ಬೇಕಾಗಲಿಲ್ಲ. ಕತ್ತರಿಯಿಂದ ಸುತ್ತಲಿನದನ್ನು ಕತ್ತರಿಸಿ ತೆಗೆಯುವಾಗಲೂ ಬೇಕಾಗಲಿಲ್ಲ. ಚಿಕ್ಕಮಾವ ನರ್ಸಮ್ಮನ ತಟ್ಟೆಯ ಅಂಚು ಸವರುತ್ತಾ, ಇದನ್ನು ಎಲ್ಲಿ ಮಾಡಿಸಿದ್ದು ಎಂದು ವಿಚಾರಿಸುತ್ತಿದ್ದರು. ನಾನು ಗೋಡೆಯ ಮೇಲಿನ ಫೋಟೋದ ಕಡೆ ತಿರುಗಿದೆ. ಗಾಜಿನಲ್ಲಿ ಡಾಕ್ಟರ ಕೈ ನಿಚ್ಚಳವಾಗಿ ಕಾಣುತ್ತಿತ್ತು.

"ಮೂಳೆವರೆಗೂ ಹೋಗಿದೆಯೋ ಇಲ್ಲವೋ, ಈಗಲೇ ಹೇಳೋಕಾಗಲ್ಲ" ಎಂದರು ಡಾಕ್ಟರು ನನ್ನನ್ನು ಹೊರಗೆ ಕರೆದು. "ಈ ವಾರ ಕಳೀಲಿ. ಕಾಲು ಉಳಿಯುತ್ತೆ ಅಂತ ಮಾತು ಕೊಡಲಾರೆ, ಉಳಿಸೋಕೆ ನೋಡೋಣ. ಇನ್ನೊಂದು ಕಾಲನ್ನ ಬಿಡಬೇಡಿ. ಬೆಳಿಗ್ಗೆ, ಸಂಜೆ, ಮನೆಯವರು ಯಾರಾದ್ರೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿ. ಎಲ್ಲಾದ್ರೂ ಬಿಸಿ ಇದೆಯಾ, ಊತ ಇದೆಯಾ, ಗೀರಿದೆಯಾ. ಅವರೇ ನೋಡ್ಕೋತಾರೆ ಅಂತ ಮಾತ್ರ ಬಿಡಬೇಡಿ."

ಮನೆಗೆ ಬಂದ ಮೇಲೆ ದೊಡ್ಡ ರಾದ್ಧಾಂತವೇ ಆಯಿತು. ಮದ್ದು ಕಟ್ಟಿದ ಎಡಗಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ವರಾಂಡದಲ್ಲಿ ಕುಳಿತವರು ಬಲಗಾಲನ್ನು ಪಂಚೆಯೊಳಗೆ ಎಳೆದುಕೊಂಡರು.

"ಸೊಸೆ ಕೈಲಿ ಕಾಲು ಹಿಡಿಸ್ಕೊಳ್ಳೋದಾ? ನನಗೇನು ಬುದ್ಧಿ ಕೆಟ್ಟಿದೆಯಾ? ಅವನು ಆಫೀಸಿಂದ ಬರ್ಲಿ, ಅವನು ನೋಡ್ತಾನೆ."

"ಅವರ ಕೈ ಎಷ್ಟು ಒರಟು ಅಂತ ನಿಮಗೇ ಗೊತ್ತು. ಅವರ ಕೈಗೆ ಏನು ತಿಳಿಯುತ್ತೆ?"

ಆ ಮಾತು ನಾಟಿತು. ಯೋಚಿಸಿದರು. ಅರ್ಹತೆ ಇಲ್ಲದವರ ಕೈಗೆ ಮಾಲು ಕೊಡುವುದು ಅವರಿಂದ ಸಾಧ್ಯವೇ? ಗಂಟಲು ಸರಿಮಾಡಿಕೊಂಡು ನನಗೆ ಪಾಠ ಶುರುಮಾಡಿದರು.

"ಬೆರಳ ತುದಿ ಅಲ್ಲಮ್ಮಾ, ಅದರ ಹೊಟ್ಟೆ. ಒತ್ತಬಾರದು. ಗಾಳಿ ಮೇಲೆ ಓಡಿಸಿದ ಹಾಗೆ ಓಡಿಸ್ಬೇಕು. ಕಣ್ಣು ಮುಚ್ಕೋ, ಕಣ್ಣು ಬಿಟ್ರೆ ಬೆರಳು ಸೋಮಾರಿ ಆಗುತ್ತೆ. ಹಿಮ್ಮಡಿಯಿಂದ ಶುರು, ಬೆರಳ ಸಂದಿ ಕೊನೆಗೆ. ಅನುಮಾನ ಬಂದ್ರೆ ಹೇಳಿಬಿಡು. ದಾಕ್ಷಿಣ್ಯ ಮಾಡ್ಬೇಡ. ದಾಕ್ಷಿಣ್ಯ ಮಾಡಿದೋರು ಇನ್ಸ್‌ಪೆಕ್ಷನ್‌ಗೆ ಲಾಯಕ್ಕಿಲ್ಲ."

ಅಷ್ಟು ಹೇಳಿ, ಪಂಚೆ ಸರಿಸಿ ಬಲಗಾಲು ಮುಂದಕ್ಕೆ ಚಾಚಿ, ನಾಚಿಕೆಯಿಂದ ಮುಖವನ್ನು ಪೂರ್ತಿ ಬೀದಿಯ ಕಡೆಗೆ ತಿರುಗಿಸಿಕೊಂಡರು. ನಾನು ನೆಲದ ಮೇಲೆ ಕುಳಿತು ಪಾದವನ್ನು ಅಂಗೈಗೆ ತೆಗೆದುಕೊಂಡೆ. ತಣ್ಣಗಿತ್ತು. ಕಾಲುಚೀಲದ ಎಲಾಸ್ಟಿಕ್ಕು ಮೂಡಿಸಿದ ಗೆರೆ ಮೀನಗಂಡದ ಸುತ್ತ ಬಳೆಯ ಹಾಗೆ ಕೂತಿತ್ತು. ಕಿರುಬೆರಳಿನ ಉಗುರು ಮಗುವಿನದರಷ್ಟು ಪುಟ್ಟದು. ಅಷ್ಟು ಗದರುವ ಮನುಷ್ಯನಿಗೆ ಅಷ್ಟು ಪುಟ್ಟ ಉಗುರೇ ಅನ್ನಿಸಿತು. ಕಣ್ಣು ಮುಚ್ಚಿ ಹಿಮ್ಮಡಿಯಿಂದ ಹೊರಟೆ. ಹಿಮ್ಮಡಿ, ಅಂಗಾಲು, ಬೆರಳುಗಳ ಬುಡ, ಸಂದಿ. ಬಿಸಿ ಇಲ್ಲ. ಊತ ಇಲ್ಲ. ಗೀರಿಲ್ಲ. ಇನ್ನೊಮ್ಮೆ ನೋಡಿದೆ. ಇಲ್ಲ. ಕೆಲಸ ಮುಗಿದ ಮೇಲೂ ಕೈ ಬಿಡಲು ಮನಸ್ಸಾಗಲಿಲ್ಲ. ಎರಡೂ ಅಂಗೈಗಳ ನಡುವೆ ಆ ಪಾದವನ್ನು ಇಟ್ಟುಕೊಂಡು, ಸ್ವಲ್ಪ ಬೆಚ್ಚಗಾಗಲಿ ಎಂದು ಹಾಗೇ ಕುಳಿತಿದ್ದೆ. ಬೀದಿಯ ದೀಪ ಹತ್ತಿಕೊಂಡಿತು.

"ಏನಮ್ಮಾ," ಎಂದರು ಚಿಕ್ಕಮಾವ, ಬೀದಿಯ ಕಡೆಗೇ ನೋಡುತ್ತಾ. "ಇನ್ನೂ ಎಷ್ಟು ಹೊತ್ತು ಸಂಕೋಚ ಪಟ್ಕೊಂಡು ಕೂತ್ಕೋತೀಯ? ಕತ್ತಲಾಗ್ತಾ ಬಂತು. ಹಿಡ್ಕೋ, ಶುರು ಮಾಡು."

ನಾನು ಪಾದವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಹ್ಞೂಂ ಚಿಕ್ಕಮಾವ," ಎಂದೆ. "ಈಗ ಶುರು ಮಾಡ್ತೀನಿ."

ಅಷ್ಟರಲ್ಲಿ ಒಣಗಿದ ಬಟ್ಟೆಗಳನ್ನು ಎತ್ತಿಕೊಳ್ಳಲು ಬಂದ ಮುನಿಯಮ್ಮನವರು ಕಾಂಪೌಂಡಿನ ಮೇಲಿನಿಂದ ಇಣುಕಿದರು.

"ಅವಾಗಿಂದ ನೋಡ್ತಾ ಇವ್ನಿ ಕಣಮ್ಮಣ್ಣಿ, ಮಾವನ ಕಾಲು ಇಡ್ಕಂಡು ಕುಂತೋಳು ಬಿಡ್ತಾನೇ ಇಲ್ಲ ನೀನು. ನಮ್ಮನೇಲೂ ಅವ್ಳೆ ಒಬ್ಳು ಸೊಸೆ, ಟೀವಿ ರಿಮೋಟು ಬಿಟ್ರೆ ಬ್ಯಾರೆ ಏನೂ ಇಡಿಯಾಕಿಲ್ಲ!"